ಟಾಪ್ಸ್ 1952: ಮ್ಯಾಂಟಲ್ ಒಬ್ಬರದೇ ಅಲ್ಲದ ಸರಣಿ

ಅಮೆರಿಕದ ಟಾಪ್ಸ್ ಕಂಪನಿ 1952ರಲ್ಲಿ ಚೂಯಿಂಗ್ ಗಮ್ಮಿನ ಪೊಟ್ಟಣಗಳಲ್ಲಿಟ್ಟು ಹೊರತಂದ, ಆಟಗಾರರ ಚಿತ್ರವಿರುವ 407 ಬೇಸ್‌ಬಾಲ್ ಕಾರ್ಡುಗಳ ಸರಣಿಯಲ್ಲಿ ಒಂದನೆಯ ಸಂಖ್ಯೆ ಆಂಡಿ ಪಾಫ್ಕೊ ಅವರದು. ಈ ಕಾರ್ಡು ಒಳ್ಳೆಯ ಸ್ಥಿತಿಯಲ್ಲಿ ಸಿಗುವುದು ಅಪರೂಪ. ಆಗಿನ ಮಕ್ಕಳು ಕಾರ್ಡುಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಕಟ್ಟಿನ ಸುತ್ತ ರಬ್ಬರ್ ಬ್ಯಾಂಡ್ ಹಾಕಿಡುತ್ತಿದ್ದುದರಿಂದ, ಎಲ್ಲಕ್ಕಿಂತ ಮೇಲಿದ್ದ ಪಾಫ್ಕೊ ಅವರೇ ಉಜ್ಜಾಟ, ಧೂಳು, ಬ್ಯಾಂಡಿನ ಗೀರು ಎಲ್ಲವನ್ನೂ ತಾಳಿಕೊಳ್ಳಬೇಕಾಯಿತು. ಮಧ್ಯಮ ದರ್ಜೆಯ ಆಟಗಾರರೆಂದು ಬೇರೆಡೆ ಬದಿಗೆ ಸರಿಸಲ್ಪಡುವ ಒಬ್ಬರ ಕಾರ್ಡಿಗೆ ಇಷ್ಟೊಂದು ಬೆಲೆ ಬಂದಿರುವುದು ಇದೊಂದೇ ಕಾರಣಕ್ಕೆ. ಈ ಸರಣಿಯನ್ನು ಕೆಲವು ವರ್ಷಗಳಿಂದ ಬಿಡಿಬಿಡಿಯಾಗಿ ಸಂಗ್ರಹಿಸುತ್ತಿರುವ ನಾನು, ಇದನ್ನು ಹೂಡಿಕೆಯಾಗಿ ಅಲ್ಲ, ಒಂದು ಮುದ್ರಿತ ವಸ್ತುವಾಗಿ ವಿಮರ್ಶಿಸಲು ಬಯಸುತ್ತೇನೆ. ಏಕೆಂದರೆ ಇದರ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಯಾಂಕೀಸ್ ತಂಡದ ತಾರೆ ಮಿಕ್ಕಿ ಮ್ಯಾಂಟಲ್ ಅವರ ಕಾರ್ಡಿನ ಹರಾಜಿನ ಮೊತ್ತದಾಚೆಗೆ ಹೋಗುವುದೇ ಇಲ್ಲ.

ಮೊದಲು ಗಾತ್ರ. ಕಾರ್ಡಿನ ಅಗಲ ಎರಡೂ ಐದೆಂಟಾಂಶ ಇಂಚು, ಎತ್ತರ ಮೂರೂ ಮುಕ್ಕಾಲು ಇಂಚು. ಎದುರಾಳಿ ಕಂಪನಿಯಾದ ಬೌಮನ್ 1951ರಲ್ಲಿ ತಂದ ಕಾರ್ಡನ್ನು ಪಕ್ಕದಲ್ಲಿಟ್ಟರೆ ಅದು ಅಂಚೆಚೀಟಿಯ ಅಣ್ಣನಂತೆ ಕಾಣುತ್ತದೆ. ಟಾಪ್ಸ್ ಹಿಂದಿನ ವರ್ಷ ತಂದಿದ್ದು ಆಡುವ ಎಲೆಗಳ ಮಾದರಿಯ, 52 ಕಾರ್ಡುಗಳ ಎರಡು ಚಿಕ್ಕ ಕಟ್ಟುಗಳನ್ನು. ಅಲ್ಲಿಂದ ಇಲ್ಲಿಗೆ ಒಂದೇ ವರ್ಷದಲ್ಲಿ ಜಿಗಿದದ್ದರ ಹಿಂದೆ ಸೈ ಬರ್ಜರ್ ಎಂಬ ಉದ್ಯೋಗಿಯ ಕೈವಾಡವಿದೆ. ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಮನೆಯ ಮೇಜಿನ ಮೇಲೆ ಅವರು ಈ ವಿನ್ಯಾಸವನ್ನು ರೂಪಿಸಿದರು. ಮುಖಭಾಗದಲ್ಲಿ ಆಟಗಾರನ ಚಿತ್ರ, ತಂಡದ ಲಾಂಛನ, ಚೌಕಟ್ಟಿನೊಳಗೆ ಹೆಸರು ಮತ್ತು ಮುದ್ರಿತ ಸಹಿ ಇವೆ. ಚಿತ್ರಗಳು ಬಣ್ಣದ ಛಾಯಾಚಿತ್ರಗಳಲ್ಲ, ಕಪ್ಪುಬಿಳುಪು ಛಾಯಾಚಿತ್ರಗಳ ಮೇಲೆ ಬಣ್ಣ ಹಾಕಿದವು. ಆದ್ದರಿಂದಲೇ ಆಕಾಶ ಯಾವ ಊರಿನಲ್ಲೂ ಕಾಣದಷ್ಟು ನೀಲಿ, ಕೆನ್ನೆ ಸ್ವಲ್ಪ ಹೆಚ್ಚೇ ಕೆಂಪು. ಇದನ್ನು ಕೆಲವರು ದೋಷವೆನ್ನುತ್ತಾರೆ. ನನಗೆ ಇದೇ ಸರಣಿಯ ಸೊಗಸು. 31ನೆಯ ಸಂಖ್ಯೆಯ ಗಸ್ ಜರ್ನಿಯಲ್ ಬ್ಯಾಟಿಗೆ ಆರು ಚೆಂಡುಗಳನ್ನು ಅಂಟಿಸಿಕೊಂಡು, ಬೆರಳಿನಿಂದ ‘ಎಲ್ಲ ಸರಿಯಿದೆ’ ಎಂಬ ಸನ್ನೆ ಮಾಡುತ್ತ ನಗುವ ಕಾರ್ಡನ್ನು ನೋಡಿದವರು ಈ ಬಣ್ಣಗಳ ಮೇಲೆ ಹೆಚ್ಚು ಹೊತ್ತು ಮುನಿಸಿಕೊಂಡಿರಲಾರರು.

ಆದರೆ ವಿನ್ಯಾಸದ ನಿಜವಾದ ಸಾಧನೆ ಹಿಂಭಾಗದಲ್ಲಿದೆ. ಚೆಂಡಿನ ಚಿತ್ರದೊಳಗೆ ಕಾರ್ಡಿನ ಸಂಖ್ಯೆ, ಎತ್ತರ, ತೂಕ, ಹುಟ್ಟಿದ ಊರು, ಯಾವ ಕೈಯಲ್ಲಿ ಎಸೆಯುತ್ತಾನೆ, ಯಾವ ಬದಿಯಿಂದ ಹೊಡೆಯುತ್ತಾನೆ ಎಂಬ ವಿವರ, ಒಂದು ಪುಟ್ಟ ಪರಿಚಯ, ಕೆಳಗೆ ಹಿಂದಿನ ವರ್ಷದ ಹಾಗೂ ಒಟ್ಟು ವೃತ್ತಿಜೀವನದ ಅಂಕಿಅಂಶಗಳ ಪಟ್ಟಿ. ಮುಂದಿನ ದಶಕಗಳಲ್ಲಿ ಬಂದ ಬೇಸ್‌ಬಾಲ್ ಕಾರ್ಡುಗಳು ಬಹುಪಾಲು ಇದೇ ಅಚ್ಚನ್ನು ಅನುಸರಿಸಿದವು. ಮುದ್ರಣದ ಶಿಸ್ತು ಮಾತ್ರ ಈ ಕಲ್ಪನೆಗೆ ತಕ್ಕಂತಿರಲಿಲ್ಲ. ಚಿತ್ರ ಒಂದು ಬದಿಗೆ ಸರಿದು, ಬಿಳಿ ಅಂಚು ಎಡಕ್ಕೆ ದಪ್ಪ, ಬಲಕ್ಕೆ ತೆಳ್ಳಗೆ ಆಗಿರುವ ಪ್ರತಿಗಳೇ ಹೆಚ್ಚು. ಮೊದಲ 80 ಕಾರ್ಡುಗಳು ಕೆಂಪು ಹಿಂಬದಿಯಲ್ಲೂ ಕಪ್ಪು ಹಿಂಬದಿಯಲ್ಲೂ ಮುದ್ರಣಗೊಂಡವು. ಕಪ್ಪು ಹಿಂಬದಿಯಲ್ಲಿ ಜೋ ಪೇಜ್ ಮತ್ತು ಜಾನಿ ಸೇನ್ ಎಂಬ ಇಬ್ಬರು ಪಿಚರ್‌ಗಳ (ಚೆಂಡು ಎಸೆಯುವವರ) ಪರಿಚಯಗಳು ಅದಲುಬದಲಾಗಿ, ಒಬ್ಬರ ಮುಖದ ಹಿಂದೆ ಇನ್ನೊಬ್ಬರ ಜೀವನಚರಿತ್ರೆ ಅಚ್ಚಾದ ಪ್ರತಿಗಳಿವೆ. ತಪ್ಪನ್ನು ತಿದ್ದಿದ ಪ್ರತಿಗಳಿಗಿಂತ ತಪ್ಪಿರುವ ಪ್ರತಿಗಳಿಗೇ ಸಂಗ್ರಾಹಕರು ಹೆಚ್ಚು ಆಸೆಪಡುತ್ತಾರೆ.

ಈ ಸರಣಿಯನ್ನು ಹಣದ ಲೆಕ್ಕವಿಲ್ಲದೆ ಓದಬಹುದು ಎನ್ನುವುದಕ್ಕೆ 1951ರ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ನಡೆದ ಪಂದ್ಯವೊಂದೇ ಸಾಕು. ನ್ಯಾಷನಲ್ ಲೀಗ್‌ನ ಪ್ರಶಸ್ತಿಗಾಗಿ ಜಯಂಟ್ಸ್ ಮತ್ತು ಬ್ರೂಕ್ಲಿನ್ ಡಾಡ್ಜರ್ಸ್ ಸೆಣಸಿದ ಆ ಪಂದ್ಯದ ಕೊನೆಯ ಸರದಿಯಲ್ಲಿ ಬಾಬಿ ಥಾಮ್ಸನ್ ಹೊಡೆದ ಹೋಮ್ ರನ್ ಜಯಂಟ್ಸ್‌ಗೆ 5–4ರ ಗೆಲುವು ತಂದಿತು. ಚೆಂಡನ್ನು ಎಸೆದ ರಾಲ್ಫ್ ಬ್ರಾಂಕಾ 274ನೆಯ ಕಾರ್ಡು. ತನ್ನ ಸರದಿಗಾಗಿ ಬ್ಯಾಟು ಹಿಡಿದು ಕಾಯುತ್ತಿದ್ದ ಹೊಸ ಹುಡುಗ ವಿಲ್ಲಿ ಮೇಸ್ 261. ಎಡ ಮೈದಾನದಲ್ಲಿ ನಿಂತು, ತಲೆಯ ಮೇಲಿಂದ ಚೆಂಡು ಪ್ರೇಕ್ಷಕರ ನಡುವೆ ಬೀಳುವುದನ್ನು ನೋಡಿದವರು ಆಗ ಡಾಡ್ಜರ್ಸ್‌ನಲ್ಲಿದ್ದ ನಮ್ಮ ಪಾಫ್ಕೊ ಅವರೇ. ಇನ್ನು ಒಂದರ ಹಿಂದೊಂದು ಬರುವ ನಾಲ್ಕು ಕಾರ್ಡುಗಳನ್ನು ನೋಡಿ: 312 ಡಾಡ್ಜರ್ಸ್‌ನ ಜಾಕಿ ರಾಬಿನ್ಸನ್, 313 ಥಾಮ್ಸನ್, 314 ಗಾಯದಿಂದಾಗಿ ಆ ದಿನ ಆಡಲಾಗದೆ ಹೋದ ರಾಯ್ ಕಾಂಪನೆಲ್ಲಾ, 315 ಜಯಂಟ್ಸ್‌ನ ಮ್ಯಾನೇಜರ್ ಲಿಯೋ ಡುರೋಷರ್. ಸಂಖ್ಯೆ ಹಾಕಿದವರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೆಂದು ನಾನು ಹೇಳುವುದಿಲ್ಲ. ಆದರೆ ಸುಮಾರು ಒಂದು ವರ್ಷದ ಹಿಂದಿನ ಪಂದ್ಯವನ್ನು ಇನ್ನೂ ಮರೆಯದ ಮಗುವೊಂದು ಈ ನಾಲ್ಕನ್ನು ನೆಲದ ಮೇಲೆ ಹರಡಿಕೊಂಡರೆ ಆಟವನ್ನು ಮತ್ತೊಮ್ಮೆ ಆಡಿಸಬಹುದಿತ್ತು.

ಹಾಗೆ ಹರಡಿಕೊಂಡ ಮಕ್ಕಳು ಹೆಚ್ಚಿರಲಿಲ್ಲ ಎನ್ನುವುದು ಬೇರೆ ಮಾತು. 311ರಿಂದ 407ರವರೆಗಿನ ಕೊನೆಯ ಕಂತು ಅಂಗಡಿಗಳಿಗೆ ತಲುಪುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದು, ಫುಟ್‌ಬಾಲ್ ಋತು ಎದುರಾಗಿತ್ತು. ಮಾರಾಟವಾಗದ ಪೆಟ್ಟಿಗೆಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಉಳಿದವು. ಕೊನೆಗೆ 1960ರ ಸುಮಾರಿಗೆ ಅವನ್ನು ದೋಣಿಯಲ್ಲಿ ಸಾಗಿಸಿ ಅಟ್ಲಾಂಟಿಕ್ ಸಾಗರಕ್ಕೆ ಸುರಿದೆವೆಂದು ಬರ್ಜರ್ ಅವರೇ ಹೇಳಿಕೊಂಡಿದ್ದಾರೆ. ಈ ಕಂತಿನ ಮೊದಲ ಕಾರ್ಡೇ ಮಿಕ್ಕಿ ಮ್ಯಾಂಟಲ್. 2022ರ ಆಗಸ್ಟ್‌ನಲ್ಲಿ ಇದರ ಒಂದು ಅತ್ಯುತ್ತಮ ಪ್ರತಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಮ್ಯಾಂಟಲ್ ಅವರ ಮೊದಲ ಕಾರ್ಡು ಇದೆಂದು ನಂಬಿ ಕೊಳ್ಳುವವರು ಇಂದಿಗೂ ಇದ್ದಾರೆ. ಆ ಗೌರವ ಬೌಮನ್ 1951ರ ಸರಣಿಯ 253ನೆಯ ಕಾರ್ಡಿಗೆ ಸಲ್ಲಬೇಕು. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಮುದ್ರಣದ ಹಾಳೆಯಲ್ಲಿ ಮ್ಯಾಂಟಲ್, ರಾಬಿನ್ಸನ್ ಮತ್ತು ಥಾಮ್ಸನ್ ಅವರ ಕಾರ್ಡುಗಳು ಎರಡೆರಡು ಬಾರಿ ಬಂದಿವೆ. ಅಂದರೆ ಅದೇ ಕಂತಿನ ಹೆಸರಿಲ್ಲದ ಆಟಗಾರರಿಗಿಂತ ಮ್ಯಾಂಟಲ್ ಎರಡು ಪಟ್ಟು ಮುದ್ರಣವಾಗಿದ್ದಾರೆ. ಬೆಲೆ ಕಟ್ಟುತ್ತಿರುವುದು ಹೆಸರು ಮಾತ್ರ, ಅಪರೂಪವಲ್ಲ.

ಸರಣಿಯಲ್ಲಿ ಕೊರತೆಗಳೂ ಇವೆ. ಆ ಕಾಲದ ಇಬ್ಬರು ಮಹಾನ್ ಹೊಡೆತಗಾರರಾದ ಟೆಡ್ ವಿಲಿಯಮ್ಸ್ ಮತ್ತು ಸ್ಟ್ಯಾನ್ ಮ್ಯೂಸಿಯಲ್ ಇದರಲ್ಲಿಲ್ಲ. ಆಟಗಾರರ ಚಿತ್ರಗಳನ್ನು ಮುದ್ರಿಸುವ ಹಕ್ಕಿಗಾಗಿ ಟಾಪ್ಸ್ ಮತ್ತು ಬೌಮನ್ ಕಡೆಯವರು ಕಾದಾಡುತ್ತಿದ್ದ ಕಾಲವದು. ಆ ವ್ಯಾಜ್ಯದಲ್ಲಿ 1953ರಲ್ಲಿ ಬಂದ ತೀರ್ಪು, ಒಬ್ಬ ವ್ಯಕ್ತಿಗೆ ತನ್ನ ಚಿತ್ರದ ವಾಣಿಜ್ಯ ಬಳಕೆಯ ಮೇಲೆ ಹಕ್ಕಿದೆ ಎಂಬ ತತ್ವವನ್ನು ಅಮೆರಿಕದ ಕಾನೂನಿಗೆ ಕೊಟ್ಟಿತು. ಗಮ್ಮಿನ ಪೊಟ್ಟಣದ ಜಗಳಕ್ಕೆ ಇದು ಸಣ್ಣ ಫಲವೇನಲ್ಲ.

ಕೊಳ್ಳುವವರಿಗೆ ನನ್ನ ಅನುಭವದಿಂದ ಒಂದು ಎಚ್ಚರಿಕೆ. ಪ್ರದರ್ಶನವೊಂದರಲ್ಲಿ ಗ್ರೇಡ್ ಆಗದ (ಅಂದರೆ ಯಾವ ಸಂಸ್ಥೆಯೂ ಪರೀಕ್ಷಿಸಿ ಸ್ಥಿತಿಗೆ ಅಂಕ ಕೊಟ್ಟಿರದ), ಮೂಲೆಗಳು ಚೂಪಾಗಿದ್ದ ಕಾರ್ಡೊಂದನ್ನು ಕಂಡು ಹಿಗ್ಗಿ, ಮಾರಾಟಗಾರರ ಮಾತನ್ನು ನಂಬಿ ಕೊಂಡೆ. ಮನೆಗೆ ತಂದು ನನ್ನಲ್ಲಿದ್ದ ಸವೆದ ಕಾರ್ಡಿನ ಮೇಲಿಟ್ಟಾಗ, ಹೊಸದು ಎತ್ತರದಲ್ಲಿ ಕೂದಲೆಳೆಯಷ್ಟು ಕಡಿಮೆಯಿತ್ತು. ಸವೆದ ಅಂಚನ್ನು ಯಾರೋ ಕತ್ತರಿಸಿ ಚೊಕ್ಕ ಮಾಡಿದ್ದರು. ಕತ್ತರಿಸಿದ ಕಾರ್ಡಿಗೆ ಗ್ರೇಡಿಂಗ್ ಸಂಸ್ಥೆಗಳು ಅಂಕ ಕೊಡುವುದಿಲ್ಲ, ಮಾರಲು ಹೋದರೆ ಅರ್ಧ ಬೆಲೆಯೂ ಬರುವುದಿಲ್ಲ. ಅಂದಿನಿಂದ ನಾನು ಮಡಿಕೆಯಿರುವ, ಮೂಲೆ ಗುಂಡಾದ, ಹಿಂಬದಿಯಲ್ಲಿ ಗಮ್ಮಿನ ಕಲೆಯಿರುವ ಕಾರ್ಡುಗಳನ್ನೇ ಹುಡುಕುತ್ತೇನೆ. ಅವುಗಳಲ್ಲಿ ಮೋಸ ಮಾಡಲು ಯಾರಿಗೂ ಆಸಕ್ತಿಯಿಲ್ಲ, ಮತ್ತು ಹಿಂಬದಿಯ ಅಕ್ಷರಗಳನ್ನು ಓದಲು ಮೂಲೆ ಚೂಪಾಗಿರಬೇಕಾಗಿಲ್ಲ.

ಟಾಪ್ಸ್ 1983ರಲ್ಲಿ ಇದೇ ಸರಣಿಯನ್ನು ಮರುಮುದ್ರಿಸಿತು. ಐವರು ಆಟಗಾರರನ್ನು ಬಿಟ್ಟು 402 ಕಾರ್ಡುಗಳು ಅದರಲ್ಲಿವೆ, ಹಿಂಬದಿಯಲ್ಲಿ ಮರುಮುದ್ರಣವೆಂಬ ಗುರುತೂ ಇದೆ. ಚಿತ್ರಗಳನ್ನು ಒಟ್ಟಿಗೆ ನೋಡುವ ಆಸೆಗೆ ಅದು ಸಾಕು. ಆದರೆ ಗಾತ್ರವನ್ನು ಎರಡೂವರೆಗೆ ಮೂರೂವರೆ ಇಂಚಿಗೆ ಇಳಿಸಿರುವುದರಿಂದ, 1952ರಲ್ಲಿ ಅಂಗೈ ತುಂಬಿದ್ದ ಆ ದೊಡ್ಡ ಕಾರ್ಡಿನ ಠೀವಿ ಅದರಲ್ಲಿ ಬರುವುದಿಲ್ಲ. ಬೆಲೆ ಹೆಚ್ಚಾದರೂ ಮೂಲದ್ದೇ ಬೇಕೆನ್ನುವವರು ಮೊದಲ 250ರೊಳಗಿನ ಸಾಮಾನ್ಯ ಆಟಗಾರರಿಂದ ಆರಂಭಿಸುವುದು ಒಳಿತು. ಕೊನೆಯ ಕಂತಿಗೆ ಕೈಹಾಕಿದ ಕೂಡಲೇ ಲೆಕ್ಕ ಬದಲಾಗುತ್ತದೆ. ನನ್ನ ಪಾಫ್ಕೊ ಅವರ ಎಡ ಅಂಚಿನಲ್ಲಿ ಬ್ಯಾಂಡಿನ ಗೀರಿದೆ. 313 ಇನ್ನೂ ಸಿಕ್ಕಿಲ್ಲ.