ಮಗಳ ಮಾಂಟೆಸರಿಯಲ್ಲಿ ಮೂರು ವರ್ಷ: ನನಗೆ ಸಿಕ್ಕಿದ್ದು, ಸಿಗದೇ ಹೋದದ್ದು

ಮಗಳನ್ನು ಎರಡೂವರೆ ವರ್ಷಕ್ಕೆ ಸೇರಿಸಿದೆವು. ಈ ಮಾರ್ಚ್‌ಗೆ ಮೂರು ವರ್ಷ ಮುಗಿಯಿತು. ಮೈಸೂರಿನ ಹಳೇ ಮನೆಯೊಂದರಲ್ಲಿ ನಡೆಯುವ ಪುಟ್ಟ ಶಾಲೆ, ಒಟ್ಟು 22 ಮಕ್ಕಳು. ಮಕ್ಕಳು ಕೈಯಾರೆ ಮಾಡಿ ಕಲಿಯುವ ಈ ಪದ್ಧತಿಯ ಸಾಮಾನುಗಳಾದ ಪಿಂಕ್ ಟವರ್ (ಒಂದರ ಮೇಲೊಂದು ಪೇರಿಸುವ ಗುಲಾಬಿ ಘನಗಳು), ಎಣಿಕೆಯ ಮಣಿಸರಗಳ ವಿಷಯ ನೀವೆಲ್ಲ ಓದಿರುತ್ತೀರಿ. ನಾನು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ಸೇರಿ ಎರಡು ತಿಂಗಳಾಗಿತ್ತು. ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವಾಗ ಸ್ವಲ್ಪ ಚೆಲ್ಲಿತು. ನಾನು ಏಳುವಷ್ಟರಲ್ಲಿ ಅವಳೇ ಬಟ್ಟೆ ತಂದು ಒರೆಸಿದಳು, ಹಿಂಡಿದಳು. ಹಗ್ಗ ಎಟುಕಲಿಲ್ಲ. "ಅಮ್ಮ, ಎತ್ಕೋ" ಅಂದಳು. ಒಣಹಾಕಿದ್ದೂ ಅವಳೇ. ಅತ್ತೆ ನೋಡುತ್ತಾ ನಿಂತುಬಿಟ್ಟರು.

ಅವರೆಕಾಯಿ ಕಾಲ ಬಂದರೆ ಶಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕಾಯಿ ಸುಲಿಯುತ್ತಾರೆ. ನೆನೆಸಿದ ಕಾಳನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಹಿತುಕುತ್ತಾರೆ. ಪೆನ್ಸಿಲ್ ಹಿಡಿಯುವುದೂ ಅದೇ ಎರಡು ಬೆರಳ ಬಲದ ಮೇಲೆ, ಅಲ್ವಾ? ನಮ್ಮ ಮನೆಯ ಹಿತುಕಿದ ಬೇಳೆ ಸಾರಿಗೆ ಈಗ ಅರ್ಧ ಕಾಳು ಅವಳದೇ. ವರ್ಷಕ್ಕೆ 52 ಸಾವಿರ ಫೀಸು ನಮಗೆ ಜಾಸ್ತಿಯೇ. ಆದರೂ ಮೊದಲ ಎರಡು ವರ್ಷ ಕಟ್ಟುವಾಗ ಕೈ ನಡುಗಲಿಲ್ಲ.

ಬೇಜಾರು ಶುರುವಾದದ್ದು ಅಕ್ಷರದಿಂದ. ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿ ಸದ್ದು ಕಲಿಯುವುದು ಈ ಪದ್ಧತಿಯ ಜೀವ. ಇಲ್ಲಿರುವುದು ಇಂಗ್ಲಿಷ್ ಅಕ್ಷರ ಮಾತ್ರ. ಕನ್ನಡ ಮೂರನೇ ವರ್ಷ, ಅದೂ ಬೋರ್ಡ್ ನೋಡಿ ಬರೆಯುವುದು. 1907ರಲ್ಲಿ ರೋಮ್‌ನ ಬಡಮಕ್ಕಳ ಕೈಗೆ ಮಾರಿಯಾ ಮಾಂಟೆಸರಿ ಕೊಟ್ಟದ್ದು ಅವರಾಡುವ ಇಟಾಲಿಯನ್ನಿನ ಅಕ್ಷರ. ನಮ್ಮ ಮಕ್ಕಳಿಗೆ ಯಾಕಿಲ್ಲ? ನಮ್ಮಲ್ಲಿ ಅಕ್ಕಿಯ ಮೇಲೆ ಬೆರಳು ಹಿಡಿದು 'ಅ' ತಿದ್ದಿಸುತ್ತಾರೆ. ದಾರಿ ಅದೇ ತಾನೇ? ಹಾಸನದಿಂದ ನಮ್ಮಮ್ಮ ಕಳಿಸುವ ಉಪ್ಪಿನಕಾಯಿ ಡಬ್ಬಿಯ ಮೇಲೆ ಚೀಟಿ ಅಂಟಿಸಿರುತ್ತಾರೆ. ಮಗಳು 'ಕ್ಯಾಟ್' ಓದುತ್ತಾಳೆ, ಅಜ್ಜಿಯ ಚೀಟಿ ಓದಲಾರಳು. ನನಗೆ ಅಳು ಬಂತು.

ಶಾಲೆಯಲ್ಲಿ ಕೇಳಿದೆ. "ಕನ್ನಡದ ಸಾಮಾನು ಸಿಗಲ್ಲ" ಅಂದರು ಕಲಿಸುವ ಆಂಟಿ. ಹಾರ್ಡ್‌ವೇರ್ ಅಂಗಡಿಯಿಂದ ಉಪ್ಪುಕಾಗದ ತಂದು ನಾನೇ ಕೂತೆ. ಹಿಂಬದಿಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆದು ಕತ್ತರಿಸಬೇಕು. 'ಖ', 'ಝ' ತುಂಬಾ ಕಾಡಿದವು. ಬೆರಳು ಎಲ್ಲಿಂದ ಹೊರಡಬೇಕೋ ಅಲ್ಲೊಂದು ಕೆಂಪು ಚುಕ್ಕೆ. ರಾತ್ರಿ ಊಟವಾದ ಮೇಲೆ ದಿನಕ್ಕೆ ಎರಡೇ ಅಕ್ಷರ. ಕಣ್ಣು ಮುಚ್ಚಿ ಸವರಿ "ಮ" ಅಂದ ದಿನ ಅವಳ ಮುಖ ನೋಡಬೇಕಿತ್ತು. ಯುಗಾದಿಗೆ ಬಂದ ಡಬ್ಬಿಯ ಮೇಲೆ 'ಮಾವು' ಎಂದಿತ್ತು. ನಿಧಾನಕ್ಕೆ ಕೂಡಿಸಿ ಓದಿದಳು.

ಜೂನ್‌ನಲ್ಲಿ ಮಗನನ್ನೂ ಅಲ್ಲಿಗೇ ಸೇರಿಸುತ್ತಿದ್ದೇನೆ. ನೀರು ಬಗ್ಗಿಸುವುದನ್ನು ಅಷ್ಟು ತಾಳ್ಮೆಯಿಂದ ಕಲಿಸುವವರು ನನಗೆ ಬೇರೆಲ್ಲೂ ಸಿಕ್ಕಿಲ್ಲ. ನನ್ನ ಅಕ್ಷರದ ಪೆಟ್ಟಿಗೆಯನ್ನು ಶಾಲೆಗೇ ಕೊಡುತ್ತೇನೆ, ಮಕ್ಕಳ ಕೈಗೆ ಸಿಗುವ ಶೆಲ್ಫಿನಲ್ಲಿ ಇಡಿ ಎಂದು ಕೇಳಿದ್ದೇನೆ. ಇನ್ನೂ ಹೂಂ ಅಂದಿಲ್ಲ.