ಟಸ್ಕೀಗಿ: ವಿದ್ಯಾರ್ಥಿಗಳೇ ಸುಟ್ಟ ಇಟ್ಟಿಗೆಗಳ ನಡುವೆ ಅರ್ಧ ದಿನ

ಅಮೆರಿಕದ ಅಲಬಾಮಾ ರಾಜ್ಯದಲ್ಲಿರುವ ಟಸ್ಕೀಗಿ ರಾಷ್ಟ್ರೀಯ ಚಾರಿತ್ರಿಕ ತಾಣವನ್ನು ನೋಡಲು ಅರ್ಧ ದಿನವನ್ನಾದರೂ ತೆಗೆದಿಡಬೇಕು. ಊರು ಮಾಂಟ್ಗಮರಿಯಿಂದ ಪೂರ್ವಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿದೆ. ಕಾರಿನಲ್ಲಿ ಹೋಗುವುದೇ ಅನುಕೂಲ. ಪ್ರವೇಶಶುಲ್ಕವಿಲ್ಲ. ತಾಣವಿರುವುದು ಇಂದಿಗೂ ಪಾಠ ನಡೆಯುವ ವಿಶ್ವವಿದ್ಯಾಲಯದ ಆವರಣದಲ್ಲಿ. ಹೀಗಾಗಿ ವಸ್ತುಸಂಗ್ರಹಾಲಯದಿಂದ ಹೊರಗೆ ಕಾಲಿಟ್ಟರೆ ತರಗತಿಗೆ ಹೊರಟ ವಿದ್ಯಾರ್ಥಿಗಳು ಎದುರಾಗುತ್ತಾರೆ.

ಇಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಇಟ್ಟಿಗೆಗಳ ಮೇಲೆ. ಗುಲಾಮಗಿರಿಯಿಂದ ಬಿಡುಗಡೆಗೊಂಡು ತಗಡಿನ ಕೆಲಸ ಮಾಡಿಕೊಂಡಿದ್ದ ಲೂಯಿಸ್ ಆಡಮ್ಸ್ ಮೊದಲಾದವರ ಪ್ರಯತ್ನದಿಂದ 1881ರ ಜುಲೈ 4ರಂದು, ಮುಂದೆ ಈ ವಿಶ್ವವಿದ್ಯಾಲಯವಾಗಿ ಬೆಳೆದ ಕಪ್ಪುಜನರ ಶಾಲೆ ಶುರುವಾದಾಗ, ಸರ್ಕಾರ ಕೊಟ್ಟಿದ್ದು ಶಿಕ್ಷಕರ ಸಂಬಳಕ್ಕೆಂದು ವರ್ಷಕ್ಕೆ 2,000 ಡಾಲರ್ ಮಾತ್ರ. ಜಾಗಕ್ಕಾಗಲಿ ಕಟ್ಟಡಕ್ಕಾಗಲಿ ಬಿಡಿಗಾಸೂ ಇರಲಿಲ್ಲ. ಮೊದಲ ಮುಖ್ಯಸ್ಥ ಬುಕರ್ ಟಿ. ವಾಷಿಂಗ್ಟನ್ ಅವರು ಹಾಳುಬಿದ್ದ ತೋಟವೊಂದನ್ನು ಸಾಲ ಮಾಡಿ ಕೊಂಡು, ವಿದ್ಯಾರ್ಥಿಗಳ ಕೈಯಿಂದಲೇ ಇಟ್ಟಿಗೆ ಮಾಡಿಸಲು ಹೊರಟರು. ಮೂರು ಬಾರಿ ಹಾಕಿದ ಗೂಡು ಕೈಕೊಟ್ಟಿತು. ತಮ್ಮ ಗಡಿಯಾರವನ್ನು 15 ಡಾಲರಿಗೆ ಗಿರವಿ ಇಟ್ಟು ಅವರು ನಾಲ್ಕನೆಯ ಗೂಡು ಹಾಕಿಸಿದರು, ಅದು ಹದವಾಗಿ ಸುಟ್ಟಿತು. ಮುಂದೆ ಆ ಇಟ್ಟಿಗೆಯನ್ನು ಕೊಳ್ಳಲು ಸುತ್ತಲಿನ ಬಿಳಿಯರೂ ಬರತೊಡಗಿದರು. 1899ರಲ್ಲಿ ಕಟ್ಟಿದ, ವಾಷಿಂಗ್ಟನ್ ಅವರ ಮನೆ 'ದ ಓಕ್ಸ್' ಕೂಡ ವಿದ್ಯಾರ್ಥಿಗಳು ಮಾಡಿದ ಇಟ್ಟಿಗೆಯದೇ. ಮನೆಯ ಒಳಭಾಗ ಎಂದು ತೆರೆದಿರುತ್ತದೆ ಎಂಬುದನ್ನು ಮುಂಚೆಯೇ ವಿಚಾರಿಸಿಕೊಂಡು ಹೋಗುವುದು ಒಳಿತು.

ಕಾರ್ವರ್ ವಸ್ತುಸಂಗ್ರಹಾಲಯವಿರುವುದು ಒಂದು ಕಾಲದಲ್ಲಿ ಶಾಲೆಯ ಲಾಂಡ್ರಿಯಾಗಿದ್ದ ಕಟ್ಟಡದಲ್ಲಿ. ಈ ಶಾಲೆಯಲ್ಲಿ ಕೃಷಿ ಕಲಿಸುತ್ತಿದ್ದ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರನ್ನು ಕಡಲೆಕಾಯಿ ಬೆಣ್ಣೆ ಕಂಡುಹಿಡಿದವರೆಂದು ಹೇಳುವ ರೂಢಿಯಿದೆ, ಅದು ನಿಜವಲ್ಲ. ಹತ್ತಿಯನ್ನೇ ಬೆಳೆದು ಸತ್ವ ಕಳೆದುಕೊಂಡ ನೆಲಕ್ಕೆ ಕಡಲೆಕಾಯಿಯಂತಹ ಬೆಳೆ ಒಳ್ಳೆಯದೆಂದು ತಿಳಿಸಿ, ಬೆಳೆದದ್ದನ್ನು ಬಳಸಲು 105 ಬಗೆಗಳನ್ನು 1916ರ ಕಿರುಹೊತ್ತಿಗೆಯೊಂದರಲ್ಲಿ ಬಡ ರೈತರಿಗಾಗಿ ಬರೆದುಕೊಟ್ಟದ್ದು ಅವರ ನಿಜವಾದ ಕೆಲಸ. (ಬಸವನಗುಡಿಯ ಪರಿಷೆಗೆ ತಪ್ಪದೆ ಹೋಗುವ ನಮ್ಮಂಥವರಿಗೂ 105 ಎಂದರೆ ಹೆಚ್ಚೇ.) ಶಾಲೆಗೆ ಬರಲಾಗದ ಗೇಣಿದಾರರ ಹೊಲಕ್ಕೇ ಪಾಠವನ್ನು ಒಯ್ಯುವ ಜೆಸಪ್ ಗಾಡಿ 1906ರಲ್ಲಿ ಹೊರಟಿತು. ಕೃಷಿ ವಿಸ್ತರಣೆಯ ಬಗ್ಗೆ ಆಸಕ್ತಿಯುಳ್ಳವರು ಈ ಭಾಗಕ್ಕೆ ಹೆಚ್ಚು ಸಮಯ ಕೊಡಬೇಕು.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೊದಲು ಕೈಕಸುಬು ಕಲಿತು ಸಂಪಾದನೆಗೆ ನಿಲ್ಲಿ, ರಾಜಕೀಯ ಹಕ್ಕು ಆಮೇಲೆ ಬರುತ್ತದೆ ಎಂಬುದು 1895ರ ಅಟ್ಲಾಂಟಾ ಭಾಷಣದಲ್ಲಿ ವಾಷಿಂಗ್ಟನ್ ಹಿಡಿದ ದಾರಿ. ಹಾಗೆ ಮಾಡಿದರೆ ಕಪ್ಪುಜನರು ಕೂಲಿಯ ಅಂಚಿನಲ್ಲೇ ಉಳಿಯುತ್ತಾರೆ, ಮತದ ಹಕ್ಕೂ ಉನ್ನತ ಶಿಕ್ಷಣವೂ ಜೊತೆಗೇ ಬೇಕು ಎಂದು ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ 1903ರಲ್ಲಿ ಖಂಡಿಸಿದರು. ಟಸ್ಕೀಗಿಯ ಕಟ್ಟಡಗಳನ್ನು ನೋಡುತ್ತ ನನಗೆ ಡುಬಾಯ್ಸ್ ಅವರ ಮಾತೇ ಹೆಚ್ಚು ಸರಿಯೆನಿಸಿತು. ಏಕೆಂದರೆ ಇಟ್ಟಿಗೆ ಸುಟ್ಟವರು ವಿದ್ಯಾರ್ಥಿಗಳಾದರೂ, ಆ ಇಟ್ಟಿಗೆಗೆ ಆಕಾರ ಕೊಟ್ಟ ವಾಸ್ತುಶಿಲ್ಪಿ ರಾಬರ್ಟ್ ಟೇಲರ್ 1892ರಲ್ಲಿ ಎಂಐಟಿಯಿಂದ ಹೊರಬಂದ ಮೊದಲ ಕಪ್ಪು ಪದವೀಧರರು. ಕಾರ್ವರ್ ಬಂದದ್ದೂ ಅಯೋವಾದಲ್ಲಿ ಸ್ನಾತಕೋತ್ತರ ಪದವಿ ಪಡೆದೇ. ಕಸುಬಿನ ಶಾಲೆ ನಿಂತದ್ದೂ ಉನ್ನತ ವಿದ್ಯೆ ಪಡೆದವರ ಹೆಗಲ ಮೇಲೆ.

ಅಜ್ಞಾನದ ಮುಸುಕನ್ನು ಎತ್ತುತ್ತಿರುವ ವಾಷಿಂಗ್ಟನ್ ಅವರ ಪ್ರತಿಮೆಯನ್ನು (1922) ಬಹಳ ಜನ ಮೊದಲು ನೋಡಿ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಂಡು, ಮೊದಲು ಕಾರ್ವರ್ ಸಂಗ್ರಹಾಲಯ, ಆಮೇಲೆ 'ದ ಓಕ್ಸ್', ಬಳಿಕ ಪ್ರಾರ್ಥನಾ ಮಂದಿರದ ಬಳಿ ವಾಷಿಂಗ್ಟನ್ ಮತ್ತು ಕಾರ್ವರ್ ಅವರ ಸಮಾಧಿಗಳು, ಈ ಕ್ರಮದಲ್ಲಿ ಹೋಗಬೇಕೆಂದು ನನ್ನ ಸಲಹೆ. ಬೇಸಿಗೆಯಲ್ಲಾದರೆ ನೀರಿನ ಬಾಟಲಿ ಜೊತೆಗಿರಲಿ.