ಹೆಸರಿಲ್ಲದ ಕಿತ್ತಳೆ ಹರಳು: ಗಿಡಮೂಲದ ಬಣ್ಣ ಹಾಕುವವರ ಗಮನಕ್ಕೆ

ಕೈಯಲ್ಲಿ ನೂತ ಉಣ್ಣೆಗೆ ಬೇರು, ತೊಗಟೆ, ಹೂವುಗಳ ಬಣ್ಣ ಕೊಟ್ಟು ತಮಗೆ ಬೇಕಾದಂತೆ ಉಡುಪು ರೂಪಿಸಿಕೊಳ್ಳುವವರು, ಬಣ್ಣದ ಸಾಮಗ್ರಿಯ ಜೊತೆಗೆ ರಾಸಾಯನಿಕದ ಹೆಸರೇ ಇಲ್ಲದ ಪೊಟ್ಟಣ ಬಂದರೆ, ಅದರಲ್ಲೂ ಒಳಗಿನ ಹರಳು ಕಿತ್ತಳೆ ಬಣ್ಣದ್ದಾಗಿದ್ದರೆ, ದಯವಿಟ್ಟು ಅದನ್ನು ಬಿಚ್ಚಬೇಡಿ. ‘ಸಂಪೂರ್ಣ ನೈಸರ್ಗಿಕ’ ಎಂದು ಮುದ್ರಿಸಿದ್ದ ಅಂಥದೊಂದು ಪೆಟ್ಟಿಗೆಯಿಂದ ನನ್ನ ಕೈಗಳಿಗೂ ನಾನು ಬಹುಕಾಲ ದುಡಿದು ನೂತ ನೂಲಿಗೂ ಆದ ಹಾನಿ ಬೇರೆಯವರಿಗೆ ಆಗದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಸಸ್ಯಗಳ ಬಣ್ಣಗಳಲ್ಲಿ ಬಹುಪಾಲು ತಾವಾಗಿಯೇ ಎಳೆಯಲ್ಲಿ ಭದ್ರವಾಗಿ ನಿಲ್ಲುವುದಿಲ್ಲವಾದ್ದರಿಂದ, ನೂಲನ್ನು ಮೊದಲು ಲೋಹದ ಲವಣವೊಂದರ ದ್ರಾವಣದಲ್ಲಿ ಕಾಯಿಸಿ ಬಣ್ಣ ಕಚ್ಚುವಂತೆ ಮಾಡುತ್ತಾರೆ. ಉಣ್ಣೆಗೆ ಸಾಮಾನ್ಯವಾಗಿ ಪಟಿಕ ಸಾಕು. ನೂಲಿನ ತೂಕದ ಶೇ. 10ರಿಂದ 15ರಷ್ಟು ಹಾಕುವುದು ರೂಢಿ. ಬಣ್ಣವನ್ನು ಮಂಕಾಗಿಸಲು ಅನ್ನಭೇದಿ ಎಂಬ ಕಬ್ಬಿಣದ ಲವಣವನ್ನೂ, ಹಸಿರಿನ ಕಡೆಗೆ ತಿರುಗಿಸಲು ಮೈಲುತುತ್ತ ಎಂಬ ತಾಮ್ರದ ಲವಣವನ್ನೂ ಬಳಸುವುದುಂಟು. ನನಗೆ ಬಂದ ಪೊಟ್ಟಣದ ಮೇಲೆ ಇವು ಯಾವುವೂ ಇರದೆ, ‘ಖನಿಜ ಲವಣ’ ಎಂದಷ್ಟೇ ಇತ್ತು. ಪಾತ್ರೆಯನ್ನು ಮುಚ್ಚಿಡಬೇಕು, ನೂಲಿಗೆ ಬೆಳಕು ತಾಗಬಾರದು ಎಂದು ಸೂಚನೆಯಲ್ಲಿ ಒತ್ತಿ ಹೇಳಿದ್ದರೂ ಕೈಗವಸಿನ ಬಗ್ಗೆ ಒಂದು ಮಾತೂ ಇರಲಿಲ್ಲ.

ಮಂಜಿಷ್ಠದ ಬೇರಿನ ಕೆಂಪಿನಲ್ಲಿ ಒಂದು ಮೇಲಂಗಿ ನೇಯುವುದು ನನ್ನ ಉದ್ದೇಶವಾಗಿತ್ತು. ಸೂಚನೆಯಂತೆಯೇ ಕಾಯಿಸಿ ತೆಗೆದ ಲಡಿಗಳು ಹಳದಿಯಾಗಿದ್ದವು, ಕಟ್ಟಿ ಇಡುವಾಗ ಬೆಳಕು ಬಿದ್ದ ಕಡೆಗಳಲ್ಲಿ ಹಸಿರು ಛಾಯೆ ಮೂಡಿತು, ಮಂಜಿಷ್ಠದಲ್ಲಿ ಅದ್ದಿದ ಮೇಲೆ ಅವೇ ಜಾಗಗಳು ಕಂದು ಮಚ್ಚೆಗಳಾಗಿ ನಿಂತವು. ಅದು ಚಿಕ್ಕ ನಷ್ಟ. ಬೆರಳುಗಳ ಸಂದಿಯಲ್ಲಿ ತುರಿಕೆ ಶುರುವಾಗಿ ಚರ್ಮ ಬಿರಿದು, ಗೆಣ್ಣುಗಳ ಮೇಲೆ ಚಿಕ್ಕದಾದರೂ ಆಳವಾದ ಹುಣ್ಣುಗಳಾದವು. ಚರ್ಮರೋಗ ವೈದ್ಯರು ನನ್ನನ್ನು ಮೊದಲು ಕೇಳಿದ ಪ್ರಶ್ನೆಯೇ ಸಿಮೆಂಟು, ಚರ್ಮ ಹದಮಾಡುವ ಕೆಲಸ ಅಥವಾ ಕ್ರೋಮಿಯಂ ಲವಣಗಳೊಡನೆ ಒಡನಾಟವಿದೆಯೇ ಎಂಬುದು.

ಉಳಿದ ಹರಳನ್ನು ಪರಿಚಯದ ರಸಾಯನಶಾಸ್ತ್ರದ ಅಧ್ಯಾಪಕರು ತಮ್ಮ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಕಿತ್ತಳೆ ದ್ರಾವಣ ಕ್ಷಾರ ಬೆರೆಸಿದಾಗ ಹಳದಿಯಾಗಿ, ಆಮ್ಲ ಬೆರೆಸಿದಾಗ ಮತ್ತೆ ಕಿತ್ತಳೆಗೆ ತಿರುಗಿತು; ಮುಂದಿನ ಪರೀಕ್ಷೆಗಳೂ ಅದು ಪೊಟ್ಯಾಸಿಯಂ ಡೈಕ್ರೋಮೇಟ್ ಎಂದೇ ಹೇಳಿದವು. ಉಣ್ಣೆಯನ್ನು ಮೃದುವಾಗಿಯೇ ಉಳಿಸಿ ಬಣ್ಣವನ್ನು ಗಟ್ಟಿಗೊಳಿಸುತ್ತದೆಂಬ ಕಾರಣಕ್ಕೆ ಹಿಂದಿನ ಬಣ್ಣಗಾರರು ಇದನ್ನು ಮೆಚ್ಚಿದ್ದರು. ಆದರೆ ಇದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮೊದಲನೆಯ ಗುಂಪಿನಲ್ಲಿ ಸೇರಿಸಿದೆ. ಐರೋಪ್ಯ ಒಕ್ಕೂಟದಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಅನುಮತಿಯಿಲ್ಲದೆ ಇದನ್ನು ಬಳಕೆಗಾಗಿ ಮಾರುವಂತಿಲ್ಲ. ಧೂಳು ಉಸಿರಿನೊಳಗೆ ಹೋಗುವುದು ಚರ್ಮಕ್ಕೆ ತಾಗುವುದಕ್ಕಿಂತಲೂ ಕೆಟ್ಟದ್ದು. ಒಮ್ಮೆ ಅಲರ್ಜಿ ಬೆಳೆದರೆ ಅದು ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಆಮೇಲೆ ಕ್ರೋಮ್‌ನಿಂದ ಹದಮಾಡಿದ ಚರ್ಮದ ಚಪ್ಪಲಿಯೂ ತೊಂದರೆ ಕೊಡಬಹುದು.

ಮಾರಿದವರನ್ನು ಕೇಳಿದಾಗ, ಖನಿಜವೂ ಭೂಮಿಯಿಂದಲೇ ಬರುತ್ತದಲ್ಲ, ಹಾಗಾಗಿ ಅದೂ ನೈಸರ್ಗಿಕವೇ ಎಂಬ ಉತ್ತರ ಬಂತು. ಈ ವಾದದಂತೆ ಪಾಷಾಣವೆಂಬ ವಿಷವೂ ನೈಸರ್ಗಿಕ. ಲವಣದ ಹೆಸರು ಕೇಳಿದ್ದಕ್ಕೆ ಅದು ವ್ಯಾಪಾರದ ಗುಟ್ಟು ಎಂದರು. ಕೊಳ್ಳುವ ಮೊದಲೇ ರಾಸಾಯನಿಕದ ಪೂರ್ಣ ಹೆಸರನ್ನೂ ಸುರಕ್ಷತಾ ವಿವರಪತ್ರವನ್ನೂ ಕೇಳಿ, ಕೊಡದವರಿಂದ ಕೊಳ್ಳಬೇಡಿ. ವಿವರಪತ್ರದಲ್ಲಿ 7778-50-9 ಎಂಬ ಸಿಎಎಸ್ ಸಂಖ್ಯೆ (ರಾಸಾಯನಿಕವನ್ನು ಗುರುತಿಸುವ ಸಂಖ್ಯೆ) ಕಂಡರೆ ಅದು ಇದೇ ವಸ್ತು.

ಈಗಾಗಲೇ ಇಂಥ ಹರಳನ್ನು ಬಳಸಿದ್ದರೆ, ಅದನ್ನು ಕರಗಿಸಿದ ನೀರನ್ನು ಮೋರಿಗೂ ಮಣ್ಣಿಗೂ ಸುರಿಯಬೇಡಿ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ರಾಸಾಯನಿಕದ ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಿ. ಕಾಯಿಸಿದ ಪಾತ್ರೆ ಮತ್ತೆ ಅಡುಗೆಮನೆಗೆ ಬರಕೂಡದು. ಸರಿಯಾಗಿ ಕಾಯಿಸಿದ ಉಣ್ಣೆಯಲ್ಲಿ ಕ್ರೋಮಿಯಂ ಹೆಚ್ಚಾಗಿ ಕಡಿಮೆ ಅಪಾಯದ ರೂಪಕ್ಕೆ ಬದಲಾಗಿರುತ್ತದೆ ಎಂಬುದು ನಿಜವಾದರೂ, ಮಚ್ಚೆ ಮೂಡಿದ ನನ್ನ ಲಡಿಗಳಲ್ಲಿ ಎಷ್ಟು ಬದಲಾಗದೆ ಉಳಿದಿದೆಯೆಂದು ಅಳೆಯುವ ದಾರಿ ಮನೆಯಲ್ಲಿಲ್ಲದ ಕಾರಣ, ಅವನ್ನೂ ಆ ನೀರಿನ ಜೊತೆಗೇ ಒಪ್ಪಿಸಿದೆ.